ಅಟ್ರಾಕ್ಟಾಳಿಗೆ ಡಿಗ್ಗರ್ ಕಲಿಸಿದವರು

ಪಾದ್ರಿಗಳ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಹೆಂಗಸು ಯಂತ್ರಗಳ ಬಾಡಿಗೆ ಅಂಗಡಿಯ ಕೌಂಟರಿಗೆ ಬರುತ್ತಾಳಂತೆ ಎಂಬ ಸುದ್ದಿ ಕಿಲ್‌ಮೋರನ್ನಿನಲ್ಲಿ ಹಬ್ಬಿದಾಗ ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನಾನು ನಕ್ಕಿದ್ದು ಅವಳ ವಿಷಯಕ್ಕಲ್ಲ, ನಮ್ಮ ಯಜಮಾನ ಕೋಲ್ಮನ್ ಟಾರ್ಪಿಯ ಗತಿ ನೋಡಿ. ಅವನ ಯಾರ್ಡಿನಲ್ಲಿ ಮೆಕ್ಯಾನಿಕ್ ಆಗಿ ನನ್ನ ಅರ್ಧ ಆಯಸ್ಸು ಸವೆದಿದೆ. ಆ ಕೌಂಟರಿಗೆ ಬಂದವರು ಯಾರೂ ಬಾಳಿದ್ದನ್ನು ನಾನು ಕಂಡಿಲ್ಲ. ಒಬ್ಬ ಗಿರಾಕಿಗಳ ಜೊತೆ ಜಗಳ ತೆಗೆದು ಹೋದ. ಇನ್ನೊಬ್ಬ ಗಿರಾಕಿಗಳ ಜೊತೆ ಪಬ್ಬಿಗೆ ಹೋದವನು ವಾಪಸು ಬರಲೇ ಇಲ್ಲ.

ಅವಳ ಹೆಸರು ಅಟ್ರಾಕ್ಟಾ ಗವಿಗನ್. ನಮ್ಮ ಸೀಮೆಯ ಸಂತಳ ಹೆಸರು ಅದು. ರಾಸ್ಕಾಮನ್ ಜಿಲ್ಲೆ ದಾಟಿ ಹೋದರೆ ಜನ ಏನಂದಿರಿ ಎಂದು ಎರಡನೆಯ ಸಲ ಕೇಳುತ್ತಾರೆ. ಬೆಟ್ಟದ ಬದಿಯ ಕಲ್ಲುಹೊಲದವರ ಮನೆಯ ಕೊನೆಯ ಮಗಳು. ಅಣ್ಣಂದಿರು ಇಂಗ್ಲೆಂಡಿಗೆ ಹೋಗಿ ರಸ್ತೆ ಕಟ್ಟಿದರು, ಅಕ್ಕಂದಿರು ಅಲ್ಲೇ ನರ್ಸುಗಳಾದರು, ಇವಳು ಫಾದರ್ ಕೀನನ್ ಅವರ ಮನೆಗೆ ಕೆಲಸಕ್ಕೆ ಸೇರಿದಳು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಮನೆಯ ಒಲೆ, ಬಾಗಿಲು, ಫೋನು ಮೂರೂ ಅವಳ ಸುಪರ್ದಿನಲ್ಲಿದ್ದವು. ಆಮೇಲೆ ಫಾದರ್ ತೀರಿಕೊಂಡರು. ನಮ್ಮ ಚರ್ಚನ್ನು ಪಕ್ಕದ ಊರಿನ ಪಾದ್ರಿಗಳಿಗೆ ವಹಿಸಿದರು, ಮನೆಗೆ ಬೀಗ ಬಿತ್ತು. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನ ಅವಳಿಗೆ ಚಪ್ಪಾಳೆ ತಟ್ಟಿದರು, ಒಂದು ಗಾಜಿನ ಹೂದಾನಿ ಕೊಟ್ಟರು. ಐವತ್ತು ದಾಟಿದ ಹೆಂಗಸು ಆ ಹೂದಾನಿ ಹಿಡಿದುಕೊಂಡು ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಹೋದಳು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಚಪ್ಪಾಳೆಯಲ್ಲಿ ನನ್ನ ಕೈಗಳೂ ಇದ್ದವು ಅನ್ನುವುದು ಬೇರೆ ಮಾತು.

ಅಂಗಡಿಯ ಕಿಟಕಿಯಲ್ಲಿ 'ಕೌಂಟರಿಗೆ ಜನ ಬೇಕು' ಎಂಬ ರಟ್ಟು ನೋಡಿ ಅವಳು ಒಳಗೆ ಬಂದಾಗ ನಾನು ಪಕ್ಕದಲ್ಲೇ ಕಾಂಕ್ರೀಟ್ ಮಿಕ್ಸರಿನ ಕೆಳಗೆ ಮಲಗಿದ್ದೆ. ಎಲ್ಲ ಕೇಳಿಸುತ್ತಿತ್ತು.

"ಗಿರಾಕಿಗಳನ್ನ ಸಂಭಾಳಿಸಿ ಅಭ್ಯಾಸ ಇದೆಯಾ?" ಎಂದ ಕೋಲ್ಮನ್.

"ಫಾದರ್ ಮನೇಲಿದ್ದಷ್ಟು ವರ್ಷಾನೂ ಅದೇ ಕೆಲಸ. ಪಾದ್ರಿ ಮನೆ ಬಾಗಿಲು ಯಾರೂ ಖುಷಿಯಲ್ಲಿ ತಟ್ಟಲ್ಲ. ಸಾವು, ಜಗಳ, ಇಲ್ಲಾಂದ್ರೆ ಮದುವೆ. ಅದ್ರಲ್ಲೂ ಮದುವೆಯೋರೇ ಬಲು ಕಷ್ಟ."

"ಯಂತ್ರ?"

"ಚಳಿಗಾಲದಲ್ಲಿ ಫಾದರ್ ಕಾರನ್ನ ದಿನಾ ಬೆಳಗ್ಗೆ ಎಬ್ಬಿಸ್ತಿದ್ದೋಳು ನಾನೇ."

ಕೋಲ್ಮನ್ ತಲೆ ಕೆರೆದುಕೊಂಡ. "ಆರು ತಿಂಗಳು ನೋಡೋಣ. ಸರಿಹೋದ್ರೆ ಕಾಯಂ. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು."

"ಬೇಜಾರು ಖಂಡಿತ ಮಾಡ್ಕೋತೀನಿ," ಎಂದಳು ಅಟ್ರಾಕ್ಟಾ. "ಆದ್ರೆ ನಿಮ್ಮೆದುರಿಗೆ ಬಂದು ಅಳಲ್ಲ."

ಮಿಕ್ಸರಿನ ಕೆಳಗೆ ನನಗೆ ನಗು ತಡೆಯಲಾಗಲಿಲ್ಲ. ಸ್ಪ್ಯಾನರ್ ಜಾರಿ ಹಣೆಗೆ ಬಡಿಯಿತು.

ಫೋನಿನ ಕೆಲಸವನ್ನು ಅವಳು ಬಂದ ವಾರದಲ್ಲೇ ಕೈವಶ ಮಾಡಿಕೊಂಡಳು. ಅವಳ ಹಿಂದಿನವರು ಫೋನ್ ಎತ್ತಿದ ಕೂಡಲೇ "ಯಾವ ಯಂತ್ರ?" ಎನ್ನುತ್ತಿದ್ದರು. ಅವಳು "ಏನು ಕೆಲಸ ಆಗ್ಬೇಕು?" ಎಂದು ಕೇಳುತ್ತಿದ್ದಳು. ಜನ ದೊಡ್ಡ ಯಂತ್ರದ ಹೆಸರು ಹೇಳುತ್ತಾರೆ, ಕೆಲಸ ಕೇಳಿದರೆ ಸಣ್ಣದು ಸಾಕಾಗಿರುತ್ತದೆ. ಬೇಡದ ಯಂತ್ರ ಹೊತ್ತುಕೊಂಡು ಹೋಗಿ ಬೈದುಕೊಂಡು ವಾಪಸು ತರುವುದು ನಿಂತುಹೋಯಿತು. ಕೌಂಟರಿನ ಮೇಲೆ ಚಹಾದ ಕೆಟಲ್ ಬಂತು. ಸೋಡಾ ಬ್ರೆಡ್ ಬಂತು. ಬೈಯಲೆಂದೇ ಬಂದವನು ಬಾಯಲ್ಲಿ ಬೆಣ್ಣೆ ಬ್ರೆಡ್ ಇಟ್ಟುಕೊಂಡು ಏನು ಬೈಯುತ್ತಾನೆ?

ಆದರೆ ಒಂದು ವಿಷಯ ಅವಳ ಕೈಗೆ ಹತ್ತಲಿಲ್ಲ. ಯಂತ್ರ ಕೊಡುವಾಗ ಅದನ್ನು ನಡೆಸುವುದು ಹೇಗೆಂದು ಗಿರಾಕಿಗೆ ಹೇಳಿಕೊಡಬೇಕು, ಅದು ಕೌಂಟರಿನವರ ಕೆಲಸ. ಅವಳು ನಿಯಮದಂತೆ ಕೇಳುತ್ತಿದ್ದಳು, "ಇದನ್ನ ನಡೆಸೋದು ಗೊತ್ತಾ?" ಎಲ್ಲರದೂ ಒಂದೇ ಉತ್ತರ. "ಗೊತ್ತು, ಗೊತ್ತು, ಕೀ ಕೊಡು." ನಮ್ಮ ಕಡೆಯ ಗಂಡಸರು ಹಾಗೆಯೇ. ಹೆಂಡತಿಯ ಹುಟ್ಟುಹಬ್ಬ ಗೊತ್ತಿಲ್ಲ ಎಂದಾದರೂ ಒಪ್ಪಿಕೊಂಡಾರು, ಎಂಜಿನ್ ಇರುವ ಯಾವ ವಸ್ತುವಿನ ಮುಂದೆಯೂ ಗೊತ್ತಿಲ್ಲ ಎನ್ನಲಾರರು.

ಜಾರ್ಲತ್ ಅಂತ ಒಬ್ಬ ಇದ್ದಾನೆ, ಮದುವೆಯಾಗದ ಒಂಟಿ ರೈತ, ಬಲು ನಾಚಿಕೆಯ ಆಸಾಮಿ. ಹೊಲದ ಕಾಲುವೆ ತೋಡಲು ನಮ್ಮ ಮಿನಿ ಡಿಗ್ಗರ್ ತೆಗೆದುಕೊಂಡು ಹೋದ. ಗೊತ್ತಾ ಎಂದರೆ "ಹುಟ್ಟಿದಾಗಿಂದ ಗೊತ್ತು" ಎಂದ. ಮಾರನೆಯ ದಿನ ಮಣ್ಣು ತೋಡುವ ಬಕೆಟ್ ಯಂತ್ರದ ತೋಳಿನಿಂದ ಕಳಚಿ ಸೀಟಿನಿಂದ ಇಳಿದು ಕಾಲುವೆ ನೋಡುತ್ತಿದ್ದ ಅವನ ಕಾಲಿನ ಮೇಲೆ ಬಿತ್ತು. ಬೆರಳುಗಳು ಮುರಿದವು. ಒಂದು ಗೇಣು ಆಚೆ ಬಿದ್ದಿದ್ದರೆ ಕಾಲೇ ಹೋಗುತ್ತಿತ್ತು.

ಅಟ್ರಾಕ್ಟಾ ಸೇಬಿನ ಟಾರ್ಟ್ ಮಾಡಿಕೊಂಡು ಆಸ್ಪತ್ರೆಗೆ ಹೋದಳು. ವಾಪಸು ಬಂದವಳೇ ನೇರ ನನ್ನ ಹತ್ತಿರ ಬಂದು ನಿಂತಳು. ಮುಖ ಸಪ್ಪಗಿತ್ತು.

"ಮ್ಯಾಲಕಿ, ಅವ್ನು ಜನ್ಮದಲ್ಲಿ ಡಿಗ್ಗರ್ ಮೇಲೆ ಕೂತೇ ಇರ್ಲಿಲ್ವಂತೆ. ಮತ್ಯಾಕೆ ಹಾಗಂದೆ ಅಂತ ಕೇಳ್ದೆ. ಹಿಂದೆ ಇಬ್ರು ನಿಂತಿದ್ರು, ಕೇಳೋಕೆ ನಾಚಿಕೆ ಆಯ್ತು ಅಂದ."

"ಪೆದ್ದ," ಎಂದೆ.

"ಪೆದ್ದ ಅಲ್ಲ. ಇಡೀ ಊರು ಹಂಗೇ. ಗೊತ್ತಾ ಅಂತ ಕೇಳಿದ್ದೇ ನನ್ನ ತಪ್ಪು. ಆ ಬಕೆಟ್ ಯಾಕೆ ಬಿತ್ತು, ಹೇಳು."

ನಾನು ತೋರಿಸಿದೆ. ಬಕೆಟ್ಟನ್ನು ಯಂತ್ರದ ತೋಳಿಗೆ ಸಿಕ್ಕಿಸಿದ ಮೇಲೆ ಸೀಟಿನಿಂದ ಕೆಳಗಿಳಿದು ಒಂದು ಕಬ್ಬಿಣದ ಪಿನ್ನನ್ನು ಕೈಯಿಂದ ತೂರಿಸಬೇಕು. ಪಿನ್ ಇಲ್ಲದಿದ್ದರೂ ಬಕೆಟ್ ಕೆಲಸ ಮಾಡುತ್ತದೆ, ಮೊದಮೊದಲು. ಅದೇ ಅದರ ಮೋಸ. ಸೀಟಿನಿಂದ ಇಳಿಯಲು ಸೋಮಾರಿತನ, ಇಲ್ಲವೇ ಪಿನ್ ಯಾತಕ್ಕೆಂದೇ ತಿಳಿದಿರುವುದಿಲ್ಲ.

ಅವತ್ತಿನಿಂದ ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ನಾನು ಅವಳಿಗೆ ಡಿಗ್ಗರ್ ಕಲಿಸಿದೆ. ಕಲಿಸಿದೆ ಎನ್ನುವುದು ದೊಡ್ಡ ಮಾತು. ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದೆ, ಅವಳೇ ಕಲಿತಳು. ತಪ್ಪಿದರೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು, "ನಿಧಾನ ಕಣೇ, ಸಾರಿಗೆ ಉಪ್ಪು ಹಾಕೋವಾಗ ಇಷ್ಟು ಅವಸರ ಮಾಡ್ತೀಯಾ?" ಕೊನೆಕೊನೆಗೆ ಅವಳು ತೋಡಿದ ಕಾಲುವೆಯ ಅಂಚು ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

ಇಷ್ಟು ಕಲಿತ ಮೇಲೆ ಯಾರೇ ಆದರೂ ಮಾಡುವುದೇನು? ಗಿರಾಕಿಗಳ ಮುಂದೆ ಜಾಣತನ ತೋರಿಸುತ್ತಾರೆ. ಅಟ್ರಾಕ್ಟಾ ಅದಕ್ಕೆ ತದ್ವಿರುದ್ಧ ಮಾಡಿದಳು.

ಮುಂದೆ ಡಿಗ್ಗರ್ ಕೇಳಿಕೊಂಡು ಬಂದವನು ನಮ್ಮ ಊರಿನ ಅಂಚೆಯವನು. ತೋಟದ ಗೋಡೆಗೆ ಪಾಯ ತೆಗೆಯಬೇಕಿತ್ತು. "ಗೊತ್ತು, ಗೊತ್ತು, ಕೀ ಕೊಡು" ಎಂದ. ಅವಳು ಕೀ ಕೊಡಲಿಲ್ಲ. ಕೈ ಹೊಸೆಯುತ್ತ ನಿಂತಳು.

"ಒಂದು ಉಪಕಾರ ಮಾಡ್ತೀರಾ? ನಾನು ಹೊಸಬಳು. ಈ ಲಿವರ್ ಕಡ್ಡಿಗಳನ್ನ ನೋಡಿದ್ರೆ ಎದೆ ಡವಡವ ಅನ್ನುತ್ತೆ. ಬಲ್ಲವರು ಒಂದ್ಸಲ ತೋರಿಸಿಕೊಟ್ರೆ ಕಲಿತ್ಕೋತೀನಿ."

ಅಂಚೆಯವನ ಎದೆ ಉಬ್ಬಿತು. ಹತ್ತಿ ಕೂತ. ಒಂದು ಕಡ್ಡಿ ಎಳೆದ. ಯಂತ್ರದ ತೋಳು ಗಿರ್ರನೆ ತಿರುಗಿ ನನ್ನ ಚಹಾದ ಲೋಟದ ಮೇಲೆ ಹಾದುಹೋಯಿತು.

"ಈ ಮಾಡೆಲ್ ಸ್ವಲ್ಪ ಬೇರೆ," ಎಂದ ಅಂಚೆಯವನು, ಬೆವರು ಒರೆಸಿಕೊಂಡು.

"ಹೌದಾ? ಹಾಗಾದ್ರೆ ಪುಸ್ತಕ ನೋಡೋಣ್ವಾ? ನಂಗೆ ಒಬ್ಬಳಿಗೆ ಓದಿದ್ರೆ ತಲೆಗೆ ಹೋಗಲ್ಲ."

ಇಬ್ಬರೂ ಪುಸ್ತಕದ ಮೇಲೆ ಬಗ್ಗಿದರು. ಒಂದೊಂದೇ ಕಡ್ಡಿಯನ್ನು ಅವನು ಓದಿ ಹೇಳಿದ, ಅವಳು ಹೂಂಗುಟ್ಟಿದಳು. ಕೊನೆಗೆ ಅಂಗೈ ಬಿಚ್ಚಿ ತೋರಿಸಿದಳು. "ಈ ಪಿನ್ ಯಾತಕ್ಕೆ ಕೊಟ್ಟಿದ್ದಾರೋ, ತೋರಿಸ್ತೀರಾ?"

ಅಂಚೆಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕೆಳಗಿಳಿದು ಯಂತ್ರದ ಸುತ್ತ ಬಂದ. ಆಮೇಲೆ ಚಿನ್ನ ಸಿಕ್ಕಿದವನ ಹಾಗೆ ಕೂಗಿದ. "ಓ, ಇಲ್ಲಿಗೆ! ಇದಿಲ್ದಿದ್ರೆ ಬಕೆಟ್ ಬಿದ್ದೋಗುತ್ತೆ ನೋಡು! ಅಟ್ರಾಕ್ಟಾ, ಇದನ್ನ ಮಾತ್ರ ಜನ್ಮದಲ್ಲಿ ಮರೀಬಾರ್ದು!"

"ಇಲ್ಲ, ಇಲ್ಲ," ಎಂದಳು ಅವಳು, ಬೈಸಿಕೊಂಡ ಶಾಲೆಯ ಹುಡುಗಿಯ ಹಾಗೆ.

ಅವನು ಮರೆಯಲಿಲ್ಲ. ಅವನ ಹಿಂದೆ ಬಂದವರೂ ಮರೆಯಲಿಲ್ಲ. ಕಲ್ಲು ಕತ್ತರಿಸುವ ಗರಗಸ, ನೀರೆತ್ತುವ ಪಂಪು, ಜನರೇಟರ್, ಯಾವುದೇ ಇರಲಿ, ಗಿರಾಕಿಯೇ ಗುರು, ಅಟ್ರಾಕ್ಟಾ ಶಿಷ್ಯೆ. ಆ ವಸಂತದಲ್ಲಿ ಅವಳಿಗೆ ಪಾಠ ಹೇಳಿ ಯಂತ್ರ ಒಯ್ದವರಲ್ಲಿ ಒಬ್ಬನಿಗೂ ಪೆಟ್ಟಾಗಲಿಲ್ಲ. ಇದನ್ನು ಯಾರೂ ಗಮನಿಸಲಿಲ್ಲ. ಆಗದೇ ಹೋದ ಅನಾಹುತ ಯಾರ ಕಣ್ಣಿಗೆ ಬೀಳುತ್ತದೆ ಹೇಳಿ.

ಕಣ್ಣಿಗೆ ಬಿದ್ದದ್ದು ಬೇರೆ. ತಿಂಗಳುಗಳು ಕಳೆದರೂ ಈ ಹೆಂಗಸಿಗೆ ಒಂದು ಯಂತ್ರವೂ ಬರುವುದಿಲ್ಲ ಎಂಬುದು. ದನದ ಸಂತೆಯಲ್ಲಿ ಅವಳಿಗೆ 'ತೋರಿಸಿಕೊಡಿ ಅಟ್ರಾಕ್ಟಾ' ಎಂದು ಹೆಸರು ಬಿತ್ತು. ಪಬ್ಬಿನಲ್ಲಿ ಅವಳ ಕೈ ಹೊಸೆಯುವುದನ್ನು ಅಣಕಿಸಿ ತೋರಿಸುವವರು ಹುಟ್ಟಿಕೊಂಡರು. ಚರ್ಚಿನ ಬಾಗಿಲಲ್ಲಿ ಹೆಂಗಸರು ಕೈ ಹಿಡಿದುಕೊಂಡು, "ಇನ್ನೂ ಸುಲಭದ್ದು ಏನಾದ್ರೂ ನೋಡ್ಕೋಬಾರ್ದಾ ಅಟ್ರಾಕ್ಟಾ?" ಎಂದರು. ಕನಿಕರ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ.

ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದಳು, "ಮ್ಯಾಲಕಿ, ನಿಜ ಹೇಳು. ನಾನು ಪೆದ್ದಿ ತರ ಕಾಣ್ತೀನಾ?"

"ಪೆದ್ದಿ ಏನು, ಕಡು ಪೆದ್ದಿ ತರ ಕಾಣ್ತೀಯ."

"ಹಾಗಾದ್ರೆ ಕೆಲಸ ಚೆನ್ನಾಗೇ ಮಾಡ್ತಿದೀನಿ," ಎಂದಳು. ಎಂದವಳೇ ಸ್ಯಾಂಡ್‌ವಿಚ್ ಕಾಗದದಲ್ಲಿ ಸುತ್ತಿ ಇಟ್ಟುಬಿಟ್ಟಳು. ಅವಳ ಕಣ್ಣು ತುಂಬಿತ್ತು. ಯಾರು ಎಷ್ಟೇ ಗಟ್ಟಿಯಾಗಿದ್ದರೂ ಇಡೀ ಊರು ನಕ್ಕರೆ ನೋಯುತ್ತದೆ.

ಈ ಆಟಕ್ಕೆ ಬಗ್ಗದವನು ಒಬ್ಬನೇ ಒಬ್ಬ, ಕಟ್ಟಡದ ಗುತ್ತಿಗೆದಾರ ಪೋರಿಕ್ ಬೀರ್ನ್. ನಮ್ಮ ಯಾರ್ಡಿನ ಅರ್ಧ ಯಂತ್ರಗಳು ಅವನ ಕೆಲಸಗಳಲ್ಲೇ ಇರುತ್ತಿದ್ದವು. ಅವನು ಬಂದರೆ ವ್ಯಾನಿನ ಎಂಜಿನ್ ಆರಿಸುತ್ತಲೂ ಇರಲಿಲ್ಲ, ಹಾರ್ನ್ ಒತ್ತುತ್ತ ಕೂರುತ್ತಿದ್ದ. ಅಟ್ರಾಕ್ಟಾ ಅವನ ಆಳುಗಳಿಗೆ ಡಿಗ್ಗರ್ ಕೊಡುವಾಗ ತನ್ನ ಪಾಠ ಶುರುಮಾಡಿದರೆ ಅವನು ಕಿಟಕಿಯಿಂದ ತಲೆ ಹಾಕಿ ಗದರುತ್ತಿದ್ದ.

"ನಾನು ಬಂದಿರೋದು ಡಿಗ್ಗರ್ ತಗೊಂಡು ಹೋಗೋಕೆ, ನಿಂಗೆ ಶಾಲೆ ನಡೆಸೋಕಲ್ಲ!"

ಕೊನೆಗೊಂದು ದಿನ ಕೋಲ್ಮನ್ ಹತ್ತಿರ ಹೋಗಿ ಸಿಟ್ಟಿನಲ್ಲಿ ಹೇಳಿಯೇಬಿಟ್ಟ. "ಆ ಹೆಂಗಸಿಗೆ ಯಂತ್ರ ಯಾವುದು ತಳ್ಳುಗಾಡಿ ಯಾವುದು ಗೊತ್ತಿಲ್ಲ. ಹೋದ ತಿಂಗಳು ನೀವು ಕೊಟ್ಟ ಡಿಗ್ಗರ್ ಕೆಟ್ಟಿತ್ತು, ಅದನ್ನೂ ನೋಡಿ ಕಳಿಸೋಕೆ ಬರ್ಲಿಲ್ಲ ಅವಳಿಗೆ. ಅವಳಿಂದ ಯಾರಾದ್ರೂ ಸಾಯ್ತಾರೆ. ಒಂದೋ ಅವಳು, ಇಲ್ಲಾ ನಾನು."

ಯಂತ್ರ ಕೆಟ್ಟಿತ್ತು ಎಂದದ್ದಕ್ಕೆ ನನಗೆ ನಖಶಿಖಾಂತ ಉರಿದುಹೋಯಿತು. ನನ್ನ ಕೈಯಿಂದ ಕೆಟ್ಟ ಯಂತ್ರ ಹೊರಗೆ ಹೋಗುವುದಿಲ್ಲ. ಆದರೆ ಕೋಲ್ಮನ್ ಹೆದರಿದ್ದ. ಅವಳ ಆರು ತಿಂಗಳು ಮುಗಿಯುತ್ತ ಬಂದಿತ್ತು. ಅವಳನ್ನು ಕರೆದು ಹೇಳಿದ, "ಶುಕ್ರವಾರ ಮಧ್ಯಾಹ್ನ ಬೀರ್ನ್ ಎದುರಿಗೆ ಡಿಗ್ಗರ್ ನಡೆಸಿ ತೋರಿಸು ಅಟ್ರಾಕ್ಟಾ. ಬಕೆಟ್ ಬದಲಾಯಿಸ್ಬೇಕು, ಟ್ರೇಲರ್ ಮೇಲೆ ಹತ್ತಿಸ್ಬೇಕು. ಆಗ್ದಿದ್ರೆ ನಾನೇನೂ ಮಾಡೋಕಾಗಲ್ಲ."

ನಾನು ಅವಳನ್ನು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದೆ. "ಈಗ್ಲೇ ಹೋಗಿ ಕೋಲ್ಮನ್‌ಗೆ ಎಲ್ಲ ಹೇಳಿಬಿಡು, ಮಾರಾಯ್ತಿ."

"ಕೋಲ್ಮನ್‌ಗೆ ಹೇಳೋದೂ ಒಂದೇ, ಸಂತೆಯಲ್ಲಿ ಮೈಕ್ ಹಿಡಿದು ಕೂಗೋದೂ ಒಂದೇ. ಅವ್ನ ಹೊಟ್ಟೇಲಿ ಚಹಾ ಬಿಟ್ರೆ ಬೇರೇನೂ ನಿಲ್ಲಲ್ಲ. ನಂಗೆ ಎಲ್ಲ ಗೊತ್ತು ಅಂತ ಒಬ್ಬನಿಗೆ ತಿಳಿದ್ರೂ ಮುಗೀತು, ಆಮೇಲೆ ಯಾರೂ ನಂಗೆ ತೋರಿಸಿಕೊಡಲ್ಲ. ಮತ್ತೆ ಗೊತ್ತು ಗೊತ್ತು, ಕೀ ಕೊಡು. ಮತ್ತೆ ಯಾವನೋ ಜಾರ್ಲತ್, ಮತ್ತೆ ಯಾರ್ದೋ ಕಾಲು."

"ಹಾಗಾದ್ರೆ ಶುಕ್ರವಾರ ಬೇಕೂಂತ ತಪ್ಪು ಮಾಡ್ತೀಯಾ? ಕೆಲಸ ಹೋಗುತ್ತೆ!"

"ಕೆಲಸ ಹೋದ್ರೆ ಕೋಣೆನೂ ಹೋಗುತ್ತೆ," ಎಂದಳು ಮೆಲ್ಲಗೆ. "ನನ್ನ ಸ್ವಂತ ದುಡಿಮೇಲಿ ಹಿಡಿದ ಮೊದಲನೇ ಮನೆ ಕಣೋ ಅದು. ಬಾಗಿಲು ಹಾಕ್ಕೊಂಡ್ರೆ ಯಾರೂ ತಟ್ಟಲ್ಲ. ನಂಗೆ ಅದು ಬೇಕು ಮ್ಯಾಲಕಿ." ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ನಾನು ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆ ವಾರವೆಲ್ಲ ನನ್ನ ನಾಲಿಗೆ ನಾನೇ ಕಚ್ಚಿಕೊಂಡು ಓಡಾಡಿದೆ.

ಶುಕ್ರವಾರ ಬಂತು. ಕೋಲ್ಮನ್ ಬಾಯಿಯ ದಯೆಯಿಂದ ಯಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ಪಾಠ ಹೇಳಿದವರೆಲ್ಲ ಬಂದಿದ್ದರು. ಅಂಚೆಯವನು ಟಪಾಲು ಚೀಲದ ಸಮೇತ ನಿಂತಿದ್ದ. ಜಾರ್ಲತ್ ಊರುಗೋಲು ಹಿಡಿದು ಮುಂದಿನ ಸಾಲಿಗೆ ಬಂದಿದ್ದ. ಪೋರಿಕ್ ಬೀರ್ನ್ ವ್ಯಾನಿಗೆ ಒರಗಿ ಚೂಯಿಂಗ್ ಗಮ್ ಅಗಿಯುತ್ತಿದ್ದ.

ಅಟ್ರಾಕ್ಟಾ ಭಾನುವಾರದ ಸ್ವೆಟರ್ ಹಾಕಿಕೊಂಡು, ಕೆಳಗೆ ನನ್ನ ಹಳೆಯ ಬೂಟು ತೊಟ್ಟು ಬಂದಳು. ಗುಂಪಿನ ಕಡೆ ಒಂದು ಸಲ ನೋಡಿದಳು. ಯಾರೋ "ತೋರಿಸಿಕೊಡ್ಬೇಕಾ ಅಟ್ರಾಕ್ಟಾ?" ಎಂದು ಕೂಗಿದರು, ನಗೆ ಎದ್ದಿತು. ಅವಳು ಹತ್ತಿ ಕೂತಳು. ಅವಳು ಏನು ಮಾಡಲಿದ್ದಾಳೆಂದು ನನಗೂ ತಿಳಿದಿರಲಿಲ್ಲ.

ಎಂಜಿನ್ ಎದ್ದಿತು. ಯಂತ್ರದ ತೋಳು ಬೆಕ್ಕು ಮೈಮುರಿಯುವ ಹಾಗೆ ಮೆತ್ತಗೆ ಚಾಚಿತು. ಸಣ್ಣ ಬಕೆಟ್ಟನ್ನು ನೆಲದ ಮೇಲೆ ಇಳಿಸಿ ಬಿಟ್ಟಳು, ದೊಡ್ಡದನ್ನು ಸಿಕ್ಕಿಸಿಕೊಂಡಳು. ಆಮೇಲೆ ಎಂಜಿನ್ ಆರಿಸಿ ಕೆಳಗಿಳಿದಳು. ಪಿನ್ನನ್ನು ತೂರಿಸಿದಳು, ಎಳೆದು ನೋಡಿದಳು. ಮತ್ತೆ ಹತ್ತಿದಳು. ಬಕೆಟ್ಟನ್ನು ನೆಲಕ್ಕೆ ಒತ್ತಿದಳು, ಒಂದು ಗೇಣು ಎತ್ತಿ ಅಲ್ಲೇ ಅಲುಗಾಡಿಸಿದಳು. ಇಷ್ಟಾದ ಮೇಲೆಯೇ ಅದು ಮೇಲಕ್ಕೆ ಹೋಯಿತು. ಡಿಗ್ಗರನ್ನು ಟ್ರೇಲರಿನ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಿದಾಗ ಒಂದು ಹಲಗೆಯೂ ಕಿರ್ರೆನ್ನಲಿಲ್ಲ.

ಬೇಕೆಂದೇ ತಪ್ಪು ಮಾಡಬಹುದಿತ್ತಲ್ಲ ಎಂದು ಆಮೇಲೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ. "ಅಷ್ಟು ಜನ ನೋಡ್ತಿದ್ರು ಕಣೋ. ತಪ್ಪಾಗಿ ಮಾಡಿದ್ರೆ ಯಾರಾದ್ರೂ ಹಾಗೇ ಕಲಿತುಬಿಡೋರು."

ಮುಗಿಯಿತು, ಗುಟ್ಟು ರಟ್ಟಾಯಿತು, ಇನ್ನು ಇವಳಿಗೆ ಯಾರೂ ಪಾಠ ಹೇಳುವುದಿಲ್ಲ ಎಂದು ನಾನು ಅಂದುಕೊಂಡೆ. ಆಗ ಅಂಚೆಯವನ ಗಂಟಲು ಕೇಳಿಸಿತು.

"ನಾನು ಕಲಿಸಿದ್ದು!" ಅವನು ಟಪಾಲು ಚೀಲವನ್ನು ಮೇಲೆತ್ತಿದ್ದ. "ಆ ಪಿನ್ ನೋಡಿದ್ರಾ? ಅದು ನನ್ನ ಪಾಠ!"

"ನಿನ್ನ ಪಾಠ ಎಲ್ಲಿಂದ ಬಂತು?" ಎಂದ ಇನ್ನೊಬ್ಬ. "ಆ ಅಲುಗಾಡಿಸೋದು ನಾನು ಹೇಳಿಕೊಟ್ಟಿದ್ದು. ಬೇಕಾದ್ರೆ ಅವಳನ್ನೇ ಕೇಳು!"

"ಟ್ರೇಲರ್ ಹತ್ತಿಸೋದು ನಂದು!"

"ನೀವೆಲ್ಲ ಸುಮ್ನಿರಿ," ಎಂದ ಜಾರ್ಲತ್, ಅಷ್ಟು ಜನರ ನಡುವೆ ಅವನು ಬಾಯಿ ತೆರೆದದ್ದು ಅದೇ ಮೊದಲು. "ಅವಳು ಕಲಿತಿದ್ದು ನನ್ನ ಕಾಲಿಂದ."

ನಗುವೋ ನಗು. ಜಗಳವೋ ಜಗಳ. ಒಬ್ಬೊಬ್ಬನೂ ತನ್ನ ಮಗಳು ಪರೀಕ್ಷೆ ಪಾಸಾದ ಹಾಗೆ ಬೀಗುತ್ತಿದ್ದ. ತಾನು ಕಲಿಸದಿದ್ದರೆ ಈ ಪೆದ್ದಿ ಎಲ್ಲಿ ಕಲಿಯುತ್ತಿದ್ದಳು ಎಂಬುದರಲ್ಲಿ ಒಬ್ಬನಿಗೂ ಅನುಮಾನವಿರಲಿಲ್ಲ. ಅವಳ ಗುಟ್ಟನ್ನು ಅವರ ಜಂಬವೇ ಕಾಪಾಡಿತು. ಕೋಲ್ಮನ್ ಅವಳ ಕೈ ಹಿಡಿದು ಕುಲುಕಿದ.

"ಸೋಮವಾರದಿಂದ ಕಾಯಂ. ಯಾರೇ ಕಲಿಸಿರ್ಲಿ, ಚೆನ್ನಾಗಿ ಕಲಿಸಿದ್ದಾರೆ."

"ಹೌದು," ಎಂದಳು ಅಟ್ರಾಕ್ಟಾ. "ಎಲ್ಲರೂ ಬಹಳ ತಾಳ್ಮೆಯಿಂದ ಕಲಿಸಿದ್ರು."

ನನಗೆ ಮಿಕ್ಸರಿನ ಮೇಲೆ ಹತ್ತಿ ನಿಂತು ಸತ್ಯ ಕೂಗಿಬಿಡಬೇಕೆನಿಸಿತು. ಕೂಗಲಿಲ್ಲ. ಎಷ್ಟೋ ಯಂತ್ರಗಳನ್ನು ರಿಪೇರಿ ಮಾಡಿದ್ದೇನೆ, ಆದರೆ ಆ ಮಧ್ಯಾಹ್ನ ಆ ಸೀಟಿನಿಂದ ಇಳಿದುಬಂದ ಹೆಂಗಸಿನ ಪಕ್ಕದಲ್ಲಿ ಕೆಲಸ ಮಾಡುತ್ತೇನೆ ಎನ್ನುವುದಕ್ಕಿಂತ ದೊಡ್ಡ ಹೆಮ್ಮೆ ನನಗೆ ಬೇರೆ ಇಲ್ಲ.

ಗಲಾಟೆಯಲ್ಲಿ ಸುಮ್ಮನಿದ್ದವನು ಪೋರಿಕ್ ಬೀರ್ನ್ ಒಬ್ಬನೇ. ಅವಳು ಪಿನ್ ಹಾಕಲು ಕೆಳಗಿಳಿದಾಗಿನಿಂದ ಅವನ ದವಡೆ ಅಲುಗಾಡಿರಲಿಲ್ಲ. ಯಾರಿಗೂ ಏನೂ ಹೇಳದೆ ವ್ಯಾನು ಹತ್ತಿ ಹೋದ. ಜನ ಜಗಳವನ್ನು ಮುಂದುವರಿಸಲು ಪಬ್ಬಿಗೆ ಹೋದರು. ಕೋಲ್ಮನ್ ಮಹಡಿಯ ಮೇಲಿನ ತನ್ನ ಕೋಣೆಗೆ ಹೋದ. ನಾನು ಮಿಕ್ಸರಿನ ಕೆಳಗೆ ಮಲಗಿದೆ.

ಸ್ವಲ್ಪ ಹೊತ್ತಿಗೆ ಬೀರ್ನನ ವ್ಯಾನು ಮತ್ತೆ ಬಂದು ನಿಂತಿತು. ಈ ಸಲ ಎಂಜಿನ್ ಆರಿತು. ಹಾರ್ನ್ ಇಲ್ಲ. ಅವನ ಬೂಟುಗಳು ಕೌಂಟರಿನ ಹತ್ತಿರ ಬಂದು ನಿಂತವು, ಆ ಕಡೆ ಈ ಕಡೆ ತಿರುಗಿದವು. ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ. ನನ್ನನ್ನು ಕಾಣಲಿಲ್ಲ.

"ಅಟ್ರಾಕ್ಟಾ," ಎಂದ. ಅವಳು ಅವಸರ ಮಾಡಲಿಲ್ಲ. ಲೋಟಕ್ಕೆ ಚಹಾ ಬಗ್ಗಿಸಿದ ಸದ್ದು ಮಾತ್ರ ಬಂತು.

"ಹೋದ ತಿಂಗಳು ಡಿಗ್ಗರ್ ಕೆಟ್ಟಿತ್ತು ಅಂದಿದ್ನಲ್ಲ. ಅದು ಕೆಟ್ಟಿರ್ಲಿಲ್ಲ. ಬಕೆಟ್ ಕಳಚಿ ಬಿತ್ತು. ನನ್ನ ತಮ್ಮ ಅದ್ರ ಕೆಳಗಿಂದ ಆಗಷ್ಟೇ ಪಕ್ಕಕ್ಕೆ ಸರಿದಿದ್ದ. ಸಿಗರೇಟು ಹಚ್ಕೊಳ್ಳೋಕೆ."

"ದೇವರು ದೊಡ್ಡವನು," ಎಂದಳು ಅಟ್ರಾಕ್ಟಾ.

"ಆ ಪಿನ್ ಹಾಕಬೇಕು ಅಂತ..." ಅವನ ದನಿ ನೆಲಕ್ಕಿಳಿಯಿತು. "ನಂಗೆ ಗೊತ್ತಿರ್ಲಿಲ್ಲ. ಇಷ್ಟು ವರ್ಷದಿಂದ ಡಿಗ್ಗರ್ ತಗೊಂಡು ಹೋಗ್ತಿದೀನಿ. ಯಾರನ್ನ ಕೇಳೋದು? ನಾನೇ ಯಜಮಾನ. ಹುಡುಗರಿಗೆ ನಾನೇ ಹೇಳಿಕೊಡ್ಬೇಕು. ನಂಗೆ ಮೊದ್ಲಿಂದ ತೋರಿಸ್ತೀಯಾ?"

ಅವಳು ಗೆದ್ದವಳ ಹಾಗೆ ಒಂದು ಮಾತನ್ನೂ ಆಡಲಿಲ್ಲ. ಪಾಪ ಎಂದು ಕನಿಕರವನ್ನೂ ತೋರಿಸಲಿಲ್ಲ. "ಮೊದಲು ಚಹಾ ಕುಡೀರಿ," ಎಂದಳು. ಆಮೇಲೆ ಅವಳು ತೊಟ್ಟಿದ್ದ ನನ್ನ ಹಳೆಯ ಬೂಟುಗಳು ಮಿಕ್ಸರಿನ ಪಕ್ಕದಿಂದ ಹಾದು ರಸ್ತೆಯ ಕಡೆಗೆ ಹೋದವು. ವ್ಯಾಪಾರದ ಹೊತ್ತು, ಶುಕ್ರವಾರ, ವಾರದ ಕೊನೆಗೆ ಯಂತ್ರ ಒಯ್ಯುವವರು ಸಾಲುಗಟ್ಟಿ ಬರುವ ಸಮಯ. ಅವಳು ದೊಡ್ಡ ಗೇಟನ್ನು ಎಳೆದು ಅಗಳಿ ಹಾಕಿದಳು, ರಸ್ತೆಯಲ್ಲಿ ಹೋಗುವ ಒಂದು ನಾಯಿಗೂ ಒಳಗಿನದು ಕಾಣದ ಹಾಗೆ.

ನಾನು ಮಿಕ್ಸರಿನ ಕೆಳಗಿನಿಂದ ಇಣುಕಿ ನೋಡಿದೆ. ಅವಳು ಟ್ರೇಲರಿನಿಂದ ಇಳಿಸಿಕೊಟ್ಟ ಡಿಗ್ಗರನ್ನು ಬೀರ್ನ್ ಹತ್ತಿ ಕೂತ. ಅವಳು ಪಕ್ಕದಲ್ಲಿ ನಿಂತು ಒಂದೊಂದೇ ಕಡ್ಡಿ ತೋರಿಸುತ್ತಿದ್ದಳು. ಅವನು ತಲೆಯಾಡಿಸುತ್ತ, ಕೇಳುತ್ತ, ತಪ್ಪಿದರೆ ಮತ್ತೆ ಕೇಳುತ್ತಿದ್ದ. ಅಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು. ಕೋಲ್ಮನ್ ತಲೆ ಹೊರಗೆ ಬಂತು.

"ಹಾಡುಹಗಲಲ್ಲಿ ಗೇಟ್ ಯಾಕೆ ಹಾಕಿದ್ದೀಯ ಅಟ್ರಾಕ್ಟಾ? ಏನು ನಡೀತಿದೆ ಅಲ್ಲಿ?"

ಬೀರ್ನನ ಕುತ್ತಿಗೆ ಕೆಂಪಾಯಿತು. ಅಟ್ರಾಕ್ಟಾ ತಲೆಯೆತ್ತಿ ಕೈ ಹೊಸೆದಳು.

"ನಂಗೆ ಇನ್ನೂ ಸರಿಯಾಗಿ ಬರ್ತಿಲ್ಲ ಕೋಲ್ಮನ್. ಬೀರ್ನ್ ಅವರು ಕಲಿಸಿಕೊಡ್ತಿದ್ದಾರೆ."